ವಾಡೆ: ಜಮಖಂಡಿ–ಮುಧೋಳ ಸೀಮೆಯ ದೊಡ್ಡಮನೆ

ದೇಸಾಯಿ, ದೇಶಪಾಂಡೆ, ಇನಾಮದಾರ, ಗೌಡ ಮನೆತನಗಳು ಅಂಗಳವನ್ನು ನಡುವಿಟ್ಟು ಕಟ್ಟಿಸಿಕೊಂಡ ದೊಡ್ಡ ಮನೆಯೇ ವಾಡೆ. ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ವಾಡೆಗಳನ್ನು ಒಂದೇ ಕಾಲದ ಕಟ್ಟಡವೆಂದು ನೋಡಿದರೆ ತಪ್ಪಾಗುತ್ತದೆ. ಇಂಗ್ಲೆಂಡಿನ ಹ್ಯಾಡನ್ ಹಾಲ್ ಎಂಬ ದೊಡ್ಡಮನೆ 12ನೇ ಶತಮಾನದಿಂದ 17ನೇ ಶತಮಾನದವರೆಗೆ ಎರಡು ಅಂಗಳಗಳ ಸುತ್ತ ಬೆಳೆದ ಹಾಗೆ, ಇವೂ ತಲೆಮಾರಿನಿಂದ ತಲೆಮಾರಿಗೆ ಬೆಳೆದವು, ಒಡೆದವು.

ಅಗಸಿಯ ಕಬ್ಬಿಣದ ಮೊಳೆ ಬಡಿದ ದೊಡ್ಡ ಕದ ಮದುವೆ, ಹಬ್ಬಕ್ಕೆ ಮಾತ್ರ. ದಿನದ ಓಡಾಟ ಅದರೊಳಗಿನ ದಿಡ್ಡಿ ಬಾಗಿಲಲ್ಲಿ. ಎಂಥವನೂ ತಲೆ ಬಾಗಿಸಿಯೇ ಒಳಬರಬೇಕು. ಹಾಗೆ ಬಗ್ಗಿ ಬಂದವನ ಕೈಯಲ್ಲಿ ಕತ್ತಿಯಿದ್ದರೂ ಬೀಸಲಾಗದು. ಒಳಗೆ ದನಗಳ ದಂದಕ್ಕಿ, ಪಡಸಾಲೆ, ನಡುಮನೆ, ದೇವರಮನೆ, ಕಾಳು ತುಂಬಿಡುವ ಹಗೇವು. ತೊಲೆ, ಜಂತಿಗಳ ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಬಿರುಬೇಸಿಗೆಯಲ್ಲೂ ಒಳಗೆ ತಂಪು. ದಪ್ಪ ಗೋಡೆಯ ಗುಣ ಗೊತ್ತಾಗಬೇಕಾದರೆ ಏಪ್ರಿಲ್ ಮಧ್ಯಾಹ್ನ ಆ ಪಡಸಾಲೆಯಲ್ಲಿ ಕೂತೇ ನೋಡಬೇಕು.

ಮುಧೋಳದ ಘೋರ್ಪಡೆಯವರು ಆದಿಲಶಾಹಿಯ ಕಾಲದಿಂದಲೂ ಇಲ್ಲಿಯ ಜಹಗೀರದಾರರಾಗಿದ್ದರು. ಜಮಖಂಡಿ 1811ರಲ್ಲಿ ಪಟವರ್ಧನರ ಸಂಸ್ಥಾನವಾಯಿತು. ದಂಡು ದಾಳಿಯ ಭಯವಿದ್ದಾಗ ಈ ಸೀಮೆಯ ವಾಡೆಗಳ ಹೊರಗೋಡೆಗೆ ಕಿಟಕಿಯೇ ಇರಲಿಲ್ಲ. ಬ್ರಿಟಿಷರ ಕಾಲದಲ್ಲಿ ಆ ಭಯ ಕಳೆದ ಮೇಲೆ ಬೀದಿಯ ಕಡೆಗೆ ಕಿಟಕಿ ತೆರೆದರು, ಮಹಡಿ ಏರಿಸಿದರು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಶುರುಮಾಡಿದ ಹೆಂಚು ಕ್ರಮೇಣ ಇಲ್ಲಿಯ ಮಣ್ಣಿನ ಮಾಳಿಗೆಗಳ ಮೇಲೂ ಬಂದು ಕೂತಿತು.

ರಬಕವಿ–ಬನಹಟ್ಟಿಯ ನೇಕಾರರ ಮನೆಯ ಕಥೆ ಬೇರೆ. ಅಲ್ಲಿ ಯಜಮಾನ ಮಗ್ಗವೇ. ನೆಲ ಅಗೆದು ಕುಣಿಮಗ್ಗ ಹೂಡಿದ ಪಡಸಾಲೆಗೆ ವಿದ್ಯುತ್ ಮಗ್ಗ ಬಂದಾಗ ಆ ಕುಣಿ ಮುಚ್ಚಿತು, ನೆಲ ಗಟ್ಟಿಯಾಯಿತು.

1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1950ರ ಮುಂಬಯಿ ಕಾಯ್ದೆ ಪರಗಣಾ, ಕುಲಕರ್ಣಿ ವತನಗಳನ್ನು ರದ್ದುಮಾಡಿತು. ವಾಡೆಯನ್ನು ಸಾಕುತ್ತಿದ್ದ ಆದಾಯವೇ ನಿಂತಿತು. ಅಣ್ಣ ತಮ್ಮಂದಿರು ಪಾಲಾದಾಗ ಅಂಗಳದ ನಡುವೆ ಗೋಡೆ ಎದ್ದಿತು, ಒಂದು ಅಡಿಗೆಮನೆ ಮೂರಾಯಿತು. ಈ ಮನೆಗಳಿಗೆ ಯಾವ ದಾಳಿಗಿಂತಲೂ ಹೆಚ್ಚು ಪೆಟ್ಟು ಕೊಟ್ಟದ್ದು ಈ ಅಡ್ಡಗೋಡೆಯೇ. ಮುಂದೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಮುಳುಗಡೆಯಲ್ಲಿ ಬೀಳಗಿ ಕಡೆಯ ಎಷ್ಟೋ ಹಳೆಯ ಮನೆಗಳು ಹೋದವು. ನೀರು ಬರುವ ಮುನ್ನ ಕಿತ್ತು ತಂದ ಬಾಗಿಲು, ಕಂಬ, ಜಂತಿಗಳು ಪುನರ್ವಸತಿ ಕೇಂದ್ರದ ಸಿಮೆಂಟ್ ಮನೆಗಳನ್ನು ಸೇರಿದವು.