ಮದುವೆ ಛಾಯಾಗ್ರಹಣದಲ್ಲಿ ಬೆಳಕಿನ ಯೋಜನೆ

ಮದುವೆಯ ಶಾಸ್ತ್ರಗಳು ಯಾವ ಹೊತ್ತಿಗೆ, ಯಾವ ಜಾಗದಲ್ಲಿ, ಯಾವ ದಿಕ್ಕಿಗೆ ಮುಖಮಾಡಿ ನಡೆಯುತ್ತವೆ ಎಂಬುದನ್ನು ಮೊದಲೇ ತಿಳಿದುಕೊಂಡು, ಅಲ್ಲಿರುವ ಬೆಳಕನ್ನು ಬಳಸಿಕೊಳ್ಳಲು, ಸಾಲದ ಬೆಳಕನ್ನು ತುಂಬಿಕೊಡಲು, ಕೆಡಿಸುವ ಬೆಳಕನ್ನು ತಡೆಯಲು ಛಾಯಾಗ್ರಾಹಕರು ಮಾಡಿಕೊಳ್ಳುವ ಸಿದ್ಧತೆ. ಸ್ಟುಡಿಯೊದಲ್ಲಾದರೆ ಬೆಳಕು ಸರಿಹೋಗುವ ತನಕ ಎದುರಿಗಿದ್ದವರನ್ನು ಕೂರಿಸಿಕೊಳ್ಳಬಹುದು. ಮುಹೂರ್ತ ಯಾರಿಗೂ ಕಾಯುವುದಿಲ್ಲ. ಕಟ್ಟಿದ ತಾಳಿಯನ್ನು ಬಿಚ್ಚಿ ಮತ್ತೊಮ್ಮೆ ಕಟ್ಟಿ ಎನ್ನುವಂತಿಲ್ಲ. ಆದ್ದರಿಂದ ಈ ಕೆಲಸದ ಮುಕ್ಕಾಲು ಪಾಲು ಹಿಂದಿನ ದಿನವೇ, ಖಾಲಿ ಛತ್ರದಲ್ಲಿ ಮುಗಿದಿರಬೇಕು. ಕರ್ನಾಟಕದ ಮದುವೆಗಳಲ್ಲಿ ಇದು ನಡೆಯುವ ರೀತಿಯನ್ನು ಇಲ್ಲಿ ವಿವರಿಸಲಾಗಿದೆ.

ಹೊತ್ತು ಮತ್ತು ಬಿಸಿಲು

ಬೆಳಕಿನ ಯೋಜನೆ ಲಗ್ನಪತ್ರಿಕೆಯಿಂದಲೇ ಆರಂಭವಾಗುತ್ತದೆ. ಮುಹೂರ್ತ ಬೆಳಗಿನ ಏಳಕ್ಕಿದ್ದರೆ ಕಿಟಕಿಯಿಂದ ಓರೆಯಾಗಿ ಬರುವ ಬಿಸಿಲೇ ಅರ್ಧ ಕೆಲಸ ಮಾಡಿಕೊಡುತ್ತದೆ. ಹನ್ನೆರಡರ ಅಭಿಜಿನ್ ಮುಹೂರ್ತವಾದರೆ ಲೆಕ್ಕವೇ ಬೇರೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24-25ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಇಲ್ಲಿ ಸೂರ್ಯ ನಡುನೆತ್ತಿಗೆ ಬಂದು, ನೆಟ್ಟ ಕಂಬಕ್ಕೆ ನೆರಳೇ ಇಲ್ಲದಂತಾಗುತ್ತದೆ. ಆಗಸ್ಟಿನಲ್ಲಿ ಸಾಮಾನ್ಯವಾಗಿ ಮೋಡ ಇರುವುದರಿಂದ ಬೆಳಕು ಹದವಾಗಿರುತ್ತದೆ. ಆದರೆ ಏಪ್ರಿಲ್-ಮೇ ತಿಂಗಳು ಮದುವೆಗಳ ಕಾಲ, ಹಗಲಲ್ಲಿ ಮೋಡ ಕಡಿಮೆ ಇರುವ ಕಾಲವೂ ಹೌದು. ಹನ್ನೊಂದರಿಂದ ಎರಡರವರೆಗೆ ಬಯಲಲ್ಲಿ ನಿಂತವರ ಕಣ್ಣುಗುಳಿಗಳು ಕಪ್ಪಾಗುತ್ತವೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ, ಬಾಸಿಂಗ ಕಟ್ಟಿದ ಹಣೆಯ ಕೆಳಗೆ ಮುಖವೇ ಕಾಣದು. ಅಂಥ ಹೊತ್ತಿನಲ್ಲಿ ಮನೆಮಂದಿಯ ಗುಂಪು ಚಿತ್ರವನ್ನು ಮರದ ನೆರಳಿನ ಅಂಚಿಗೋ ದೇವಸ್ಥಾನದ ಕಂಬಸಾಲಿನ ಅಂಚಿಗೋ ತರಬೇಕು. ತಲೆಯ ಮೇಲೆ ನೆರಳು, ಎದುರಿಗೆ ತೆರೆದ ಆಕಾಶ ಇದ್ದರೆ ಮುಖಕ್ಕೆ ಮೆತ್ತನೆಯ ಬೆಳಕು ತಾನಾಗಿ ಬರುತ್ತದೆ. ಜೋಡಿಯ ಚಿತ್ರಗಳನ್ನು ಬೆಳಗಿನ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಇಟ್ಟುಕೊಳ್ಳುವುದು ಲೇಸು.

ಬೆಳಕು ಬಂದ ದಾರಿಯ ಬಣ್ಣವನ್ನೂ ಹೊತ್ತು ತರುತ್ತದೆ. ಹಳೆಯ ಮನೆಗಳ ಕೆಂಪು ಗಾರೆ ನೆಲದ ಮೇಲೆ ಬಿಸಿಲು ಬಿದ್ದರೆ ಹಸೆಮಣೆಯಲ್ಲಿ ಕೂತವರ ಗದ್ದದ ಕೆಳಭಾಗ ಕೆಂಪಗಾಗುತ್ತದೆ. ಕೆಂಪು-ಹಳದಿ ಶಾಮಿಯಾನದ ಅಡಿಯಲ್ಲಿ ಎಲ್ಲರಿಗೂ ಕಾಮಾಲೆಯ ಕಳೆ. ತೆಂಗಿನ ಗರಿಯ ಚಪ್ಪರ ನೋಡಲು ಚೆಂದ. ಆದರೆ ಗರಿಗಳ ಸಂದಿಯಿಂದ ಇಳಿಯುವ ಬಿಸಿಲಿನ ಬಿಲ್ಲೆಗಳು ಒಬ್ಬರ ಕೆನ್ನೆಯ ಮೇಲೆ, ಇನ್ನೊಬ್ಬರ ಕಣ್ಣಿನ ಮೇಲೆ ಬಿದ್ದು ಚಿತ್ರವನ್ನು ಚಿಂದಿ ಮಾಡುತ್ತವೆ. ಮಂಟಪದ ನೇರ ಮೇಲೆ ಚಪ್ಪರದೊಳಗೊಂದು ಬಿಳಿ ಬಟ್ಟೆ ಕಟ್ಟಿಸಿದರೆ ಈ ಬಿಲ್ಲೆಗಳ ತೊಂದರೆ ತೀರುತ್ತದೆ. ಹೇಳಬೇಕಾದ್ದು ಡೆಕೊರೇಶನ್‌ನವರಿಗೆ, ಅದೂ ಅವರು ಏಣಿ ಇಳಿಯುವ ಮೊದಲು.

ಧಾರೆ ಮಂಟಪ

ಇಡೀ ಮದುವೆಯಲ್ಲಿ ಬೆಳಕಿಗೆ ಹೆಚ್ಚು ಕಷ್ಟದ ಜಾಗ ಇದು, ಹೆಚ್ಚು ಬೆಲೆಯ ಚಿತ್ರಗಳು ಹುಟ್ಟುವ ಜಾಗವೂ ಇದೇ. ಅಂತರಪಟ ಹಿಡಿದಾಗ ವಧೂವರರು ಎದುರುಬದುರಾಗಿರುತ್ತಾರೆ. ಒಬ್ಬರ ಮುಖ ಪೂರ್ವಕ್ಕಿದ್ದರೆ ಇನ್ನೊಬ್ಬರದು ಪಶ್ಚಿಮಕ್ಕೆ. ಬೆಳಗಿನ ಬೆಳಕು ಪೂರ್ವದ ಬಾಗಿಲಿನಿಂದ ಬರುತ್ತಿದ್ದರೆ ಒಂದು ಮುಖ ಬೆಳಗುತ್ತದೆ, ಇನ್ನೊಂದು ನೆರಳಲ್ಲಿ ಉಳಿಯುತ್ತದೆ. ಯಾರು ಯಾವ ಕಡೆ ನಿಲ್ಲುತ್ತಾರೆ ಎಂಬುದು ಆಯಾ ಮನೆತನದ ಪದ್ಧತಿ. ಅದನ್ನು ಪುರೋಹಿತರ ಬಳಿ ಮೊದಲೇ ಕೇಳಿಕೊಂಡು, ನೆರಳಿನ ಕಡೆಗೆ ಒಂದು ದೀಪ ನಿಲ್ಲಿಸಬೇಕು.

ಪಟ ಸರಿಯುವ ಗಳಿಗೆಯಲ್ಲಿ ಏನೇನಾಗುತ್ತದೆ ನೋಡಿ. ವಾಲಗ ಏರುತ್ತದೆ, ಇಬ್ಬರ ಕೈಗಳು ಜೀರಿಗೆ-ಬೆಲ್ಲ ಹಿಡಿದು ಒಟ್ಟಿಗೆ ಮೇಲೇಳುತ್ತವೆ, ಸೋದರಮಾವ ಮುಂದೆ ಬಾಗುತ್ತಾರೆ, ಅಷ್ಟೂ ಕಡೆಯಿಂದ ಅಕ್ಷತೆ ಹಾರುತ್ತದೆ. ನಾಲ್ಕೈದು ಸೆಕೆಂಡು. ಮದುಮಗಳ ಕೈ ಅವಳದೇ ಮುಖಕ್ಕೆ ನೆರಳಾಗುವುದು ಇಲ್ಲೇ. ತಾಳಿ ಕಟ್ಟುವಾಗಲೂ ಹೀಗೆಯೇ: ಅವಳು ತಲೆ ತಗ್ಗಿಸಿರುತ್ತಾಳೆ, ಅವನು ಮೇಲೆ ಬಾಗಿರುತ್ತಾನೆ. ಮೇಲಿನಿಂದ ಬರುವ ಬೆಳಕೆಲ್ಲ ಅವನ ಬೆನ್ನಿಗೆ ಬಿದ್ದು ಅವಳ ಮುಖ ಕತ್ತಲಾಗುತ್ತದೆ. ಆದ್ದರಿಂದ ಮುಖ್ಯ ದೀಪ ಬಹಳ ಎತ್ತರದಲ್ಲಿರಬಾರದು. ನಿಂತವರ ತಲೆಗಿಂತ ತುಸು ಮೇಲೆ, ಮಂಟಪದ ಮುಂಗಂಬದ ಪಕ್ಕದಲ್ಲಿ, ಓರೆಯಾಗಿ ಇರಬೇಕು. ಹಿಂದಿನ ಕಂಬದ ಮರೆಯಲ್ಲಿ ಇನ್ನೊಂದು ಸಣ್ಣ ಫ್ಲ್ಯಾಶ್ ಇಟ್ಟರೆ ಹಾರುವ ಅಕ್ಷತೆಯ ಒಂದೊಂದು ಕಾಳೂ ಹೊಳೆಯುತ್ತದೆ. ಹೋಮದ ಹೊಗೆಗೂ ಅದೇ ನಿಯಮ. ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಶ್ ನೇರವಾಗಿ ಹೊಗೆಗೆ ಬಡಿದರೆ ಬಿಳಿಯ ಮಬ್ಬು, ಹಿಂದಿನಿಂದ ಬಂದರೆ ಅದೇ ಹೊಗೆ ಎಳೆಎಳೆಯಾಗಿ ಬಿಡಿಸಿಕೊಂಡು ಕಾಣುತ್ತದೆ.

ದೀಪವನ್ನು ಎಷ್ಟು ದೂರ ಇಡಬೇಕೆಂಬುದಕ್ಕೆ ಭೌತಶಾಸ್ತ್ರದ ಸರಳ ಲೆಕ್ಕವಿದೆ: ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ಮೀಟರ್ ದೂರದ ವಧುವಿಗೆ ಹದವಾದ ಬೆಳಕು ಎರಡು ಮೀಟರ್ ದೂರದ ತಂದೆತಾಯಿಗೆ ಸಾಲದು. ದೀಪವನ್ನು ನಾಲ್ಕು ಮೀಟರಿಗೆ ಸರಿಸಿ ಶಕ್ತಿ ಹೆಚ್ಚಿಸಿದರೆ ಮುಂದಿನವರಿಗೂ ಹಿಂದಿನವರಿಗೂ ಬೀಳುವ ಬೆಳಕಿನ ಅಂತರ ಕಿರಿದಾಗುತ್ತದೆ. ಹಳೆಯ ಛತ್ರಗಳ ತಗ್ಗಾದ ಬಿಳಿ ಸೂರು ಇದಕ್ಕೆ ದೊಡ್ಡ ವರ. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿದರೆ ಸೂರೇ ದೀಪವಾಗುತ್ತದೆ. ಎತ್ತರದ ಕಪ್ಪು ಸೂರಿನ ಹೊಸ ಕನ್ವೆನ್ಷನ್ ಹಾಲ್‌ಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಸ್ಟ್ಯಾಂಡ್ ಮೇಲೆ ಛತ್ರಿ ಅಥವಾ ಸಾಫ್ಟ್‌ಬಾಕ್ಸ್ ಇಡುವುದು ಅನಿವಾರ್ಯ. ಅದರ ವೈರುಗಳನ್ನು ನೆಲಕ್ಕೆ ಟೇಪಿನಿಂದ ಅಂಟಿಸಿರಬೇಕು. ಅಲ್ಲಿ ಓಡಾಡುವವರಲ್ಲಿ ರೇಷ್ಮೆ ಸೀರೆಯ ನೆರಿಗೆ ಹಿಡಿದ ಅಜ್ಜಿಯರೂ ಇರುತ್ತಾರೆ.

ಬಣ್ಣ

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಎಣ್ಣೆದೀಪ ಸುಮಾರು 1900, ಟಂಗ್‌ಸ್ಟನ್ ಬಲ್ಬು 2700ರಿಂದ 3200, ಹಗಲು ಮತ್ತು ಫ್ಲ್ಯಾಶ್ 5500ರ ಸುಮಾರು, ಬಿಳಿ ಎಲ್‌ಇಡಿ 6500ರವರೆಗೆ. ನಮ್ಮ ಮಂಟಪದಲ್ಲಿ ಇವೆಲ್ಲ ಒಟ್ಟಿಗೇ ಉರಿಯುತ್ತವೆ. ಕಣ್ಣು ಹೊಂದಿಕೊಳ್ಳುತ್ತದೆ, ಕ್ಯಾಮೆರಾ ಹೊಂದಿಕೊಳ್ಳದು. ಫ್ಲ್ಯಾಶಿಗೆ ಕಿತ್ತಳೆ ಬಣ್ಣದ ಹಾಳೆ ಕಟ್ಟಿ ಅದನ್ನು ಹಾಲ್‌ನ ಹಳದಿ ದೀಪಗಳಿಗೆ ಹೊಂದಿಸಿದರೆ, ಆಮೇಲೆ ಒಂದೇ ವೈಟ್ ಬ್ಯಾಲೆನ್ಸ್‌ನಲ್ಲಿ ಅವೆರಡೂ ಸರಿಹೋಗುತ್ತವೆ. ಇಂದು ನಿಜವಾದ ಕಾಟ ಆರತಕ್ಷತೆಯ ವೇದಿಕೆಯ ನೇರಳೆ-ಗುಲಾಬಿ ಎಲ್‌ಇಡಿಗಳದು. ಹಿಂದಿನ ಪರದೆಗೆ ಅವು ಎಷ್ಟು ಬೇಕಾದರೂ ಇರಲಿ. ಮುಖದ ಮೇಲೆ ಬಿದ್ದರೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಮೈಬಣ್ಣ ಮರಳಿ ಬರುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಹಸಿರು ಆ ಬೆಳಕಿನಲ್ಲಿ ಇರಲೇ ಇಲ್ಲ. ಮೊದಲ ಅತಿಥಿ ವೇದಿಕೆ ಹತ್ತುವ ಮುನ್ನ ಅವನ್ನು ಗೋಡೆಯ ಕಡೆ ತಿರುಗಿಸಲು ಕೇಳಿಕೊಳ್ಳಬೇಕು. ಭಾರತದ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಚಿತ್ರದಲ್ಲಿ ಅಡ್ಡಪಟ್ಟಿಗಳು ಕಂಡರೆ ಷಟರ್ ವೇಗವನ್ನು 1/100 ಅಥವಾ 1/50ಕ್ಕೆ ತರುವುದು ಮೊದಲ ಮದ್ದು.

ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ನಡುಬೂದು ಎಂದು ಎಣಿಸುತ್ತದೆ. ಕೊಡವ ಮದುವೆಯಲ್ಲಿ ಬಿಳಿ ಕುಪ್ಯ ತೊಟ್ಟ ವರ ಚೌಕಟ್ಟು ತುಂಬಿದರೆ ಅದು ಬಿಳಿಯನ್ನು ಬೂದು ಮಾಡುತ್ತದೆ; ಒಂದು ಸ್ಟಾಪ್‌ನಷ್ಟು ಹೆಚ್ಚು, ಅಂದರೆ ಎರಡರಷ್ಟು, ಬೆಳಕು ಕೊಡಬೇಕಾಗುತ್ತದೆ. ಕಡುಬಣ್ಣದ ಸೀರೆಗೆ ಇದರ ತಿರುವುಮುರುವು. ಜರಿಯಂತೂ ಕನ್ನಡಿಯ ಹಾಗೆ. ನೇರ ಫ್ಲ್ಯಾಶಿಗೆ ಅಂಚಿನ ಕುಸುರಿಯೆಲ್ಲ ಬಿಳಿಯ ಪಟ್ಟಿಯಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ‘ಹುಡುಗಿಯನ್ನು ಸ್ವಲ್ಪ ಬೆಳ್ಳಗೆ ಕಾಣಿಸಿ’ ಎಂದು ಮನೆಯವರು ಕೇಳುವುದುಂಟು. ಅದಕ್ಕೆ ಒಪ್ಪಿ ಬೆಳಕು ಸುರಿದರೆ ಮೊದಲು ಹೋಗುವುದು ತಾಳಿಯ ಮೇಲಿನ ಗೆರೆ, ಮೂಗುಬೊಟ್ಟಿನ ಹೊಳಪು, ಮದರಂಗಿಯ ಕೆಂಪು. ಕೊನೆಗೆ ಹೋಗುವುದು ಅವಳೇ. ಗೋಧಿ, ಎಣ್ಣೆಗಪ್ಪು, ಕಡುಕಪ್ಪು ಮೈಬಣ್ಣಗಳು ಒಂದು ಬದಿಯಿಂದ ಬರುವ ಮೆತ್ತನೆಯ ಬೆಳಕಿನಲ್ಲಿ ಅತ್ಯಂತ ಚೆಲುವಾಗಿ ಮೂಡುತ್ತವೆ. ಯೋಜನೆಯ ಗುರಿ ಆ ಬಣ್ಣವನ್ನು ಇದ್ದಹಾಗೆ ಉಳಿಸುವುದು, ಬದಲಿಸುವುದಲ್ಲ.

ವಿಡಿಯೊ ಮತ್ತು ಜನ

ಹಿಂದೆ ವಿಡಿಯೊದವರು ಹಿಡಿಯುತ್ತಿದ್ದ ಹ್ಯಾಲೊಜನ್ ದೀಪದ ಝಳಕ್ಕೆ ಮಂಟಪದಲ್ಲಿದ್ದವರೆಲ್ಲ ಬೆವೆತು ಕಣ್ಣು ಕಿರಿದು ಮಾಡುತ್ತಿದ್ದರು. ಈಗಿನ ಎಲ್‌ಇಡಿ ಫಲಕಗಳು ತಂಪು. ಆದರೂ ಮಂತ್ರ ಹೇಳುವವರ ಕಣ್ಣಿಗೆ ಅವು ನೇರ ಚುಚ್ಚದಂತೆ ನೋಡಿಕೊಳ್ಳಬೇಕು. ಫೋಟೋ ಮತ್ತು ವಿಡಿಯೊ ತಂಡಗಳು ಬೇರೆಬೇರೆಯಾಗಿದ್ದರೆ ಯಾರ ದೀಪ ಎಲ್ಲಿ ಎಂಬುದು ಹಿಂದಿನ ಸಂಜೆಯೇ ತೀರ್ಮಾನವಾಗಲಿ.

ಮನೆ ತುಂಬಿಸಿಕೊಳ್ಳುವುದು

ಸೊಸೆ ಹೊಸ್ತಿಲ ಮೇಲಿನ ಸೇರಕ್ಕಿಯನ್ನು ಕಾಲಿನಿಂದ ಸೋಕಿಸಿ ಒಳಗೆ ಬರುವಾಗ ಛಾಯಾಗ್ರಾಹಕ ಮನೆಯ ಒಳಗಿರುತ್ತಾನೆ, ಅವಳ ಬೆನ್ನ ಹಿಂದೆ ಬೀದಿಯ ಬೆಳಕಿರುತ್ತದೆ. ಹಗಲಾದರೆ ತನ್ನ ಹಿಂದಿನ ಗೋಡೆಗೆ ಫ್ಲ್ಯಾಶ್ ತಿರುಗಿಸಿ, ಅಲ್ಲಿಂದ ಮರಳುವ ಬೆಳಕನ್ನು ಅವಳ ಮುಖಕ್ಕೆ ಕೊಡಬೇಕು. ಸೂರ್ಯ ಮುಳುಗಿ ಹತ್ತಿಪ್ಪತ್ತು ನಿಮಿಷ ಕಳೆದಿದ್ದರೆ ಬೇರೇನೂ ಬೇಡ. ಆಕಾಶದ ನೀಲಿಯೂ ಪಡಸಾಲೆಯ ಬಲ್ಬೂ ಆಗ ಹೆಚ್ಚುಕಡಿಮೆ ಒಂದೇ ತೂಕದಲ್ಲಿರುತ್ತವೆ. ಉಳಿದದ್ದನ್ನು ಅತ್ತೆ ಹಿಡಿದ ಆರತಿಯ ಬೆಳಕು ಪೂರೈಸುತ್ತದೆ.