‘ಆನೆ ಬಂತಾ?’ ‘ಬರಲಿಲ್ಲ’: ಇಂಗ್ಲಿಷಿನ ಪ್ರಶ್ನೆ ಮತ್ತು ನಿಷೇಧ ವಾಕ್ಯಗಳು

ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿ ಸಾನಮಾವು ಕಾಡು ಸಿಗುತ್ತದೆ. ಚಳಿಗಾಲದಲ್ಲಿ, ರಾಗಿ ಕೊಯ್ಲಿನ ಹೊತ್ತಿಗೆ, ಬನ್ನೇರುಘಟ್ಟ, ಜವಳಗಿರಿ ಕಡೆಯಿಂದ ಆನೆ ಹಿಂಡುಗಳು ಇಲ್ಲಿಗೆ ಇಳಿಯುತ್ತವೆ. ಆಗ ಕನ್ನಡದವರು ‘ಆನೆ ಬಂತಾ?’ ಎಂದರೆ ತೆಲುಗಿನವರು ‘ಏನುಗು ವಚ್ಚಿಂದಾ?’ ಎನ್ನುತ್ತಾರೆ, ತಮಿಳಿನವರು ‘ಯಾನೈ ವಂದದಾ?’ ಎನ್ನುತ್ತಾರೆ. ಮೂರರಲ್ಲೂ ಪದಗಳ ಸಾಲು ಕದಲುವುದಿಲ್ಲ. ಕೊನೆಗೊಂದು ‘ಆ’ ಸೇರಿದರೆ ಪ್ರಶ್ನೆ ಆಯಿತು. ಇಲ್ಲಿನ ಮಗು ಮನೆಯಲ್ಲಿ ಯಾವ ಭಾಷೆಯಾಡಿದರೂ ಇಂಗ್ಲಿಷ್ ಪಾಠದಲ್ಲಿ ಎಡವುವುದು ಒಂದೇ ಜಾಗದಲ್ಲಿ.

ಪ್ರಶ್ನೆಯಲ್ಲಿ ಜಾಗ ಬದಲು

ಇಂಗ್ಲಿಷಿನಲ್ಲಿ ಸಹಾಯಕ ಕ್ರಿಯಾಪದ ಕರ್ತೃವನ್ನು ದಾಟಿ ಮುಂದೆ ಬರಬೇಕು. ‘ಶಿ ಈಸ್ ಎ ಟೀಚರ್’ ಎಂಬುದು ‘ಈಸ್ ಶಿ ಎ ಟೀಚರ್?’ ಆಗುತ್ತದೆ. ಕ್ಯಾನ್, ವಿಲ್, ಹ್ಯಾವ್ ಇದ್ದಾಗಲೂ ಹೀಗೆಯೇ. ವಾಕ್ಯದಲ್ಲಿ ಸಹಾಯಕವೇ ಇಲ್ಲದಿದ್ದರೆ ‘ಡೂ’ ಕರೆಸಿಕೊಳ್ಳಬೇಕು: ‘ಹಿ ಗೋಸ್’ ಎಂಬುದಕ್ಕೆ ‘ಡಸ್ ಹಿ ಗೋ?’, ‘ದೇ ಕೇಮ್’ ಎಂಬುದಕ್ಕೆ ‘ಡಿಡ್ ದೇ ಕಮ್?’. ‘ಯಾರು’ ಎಂಬಂಥ ಪ್ರಶ್ನೆಯ ಪದವೇ ಕರ್ತೃವಾದಾಗ ಮಾತ್ರ ಈ ಕರೆ ಬೇಡ. ಆನೆಯನ್ನು ಯಾರು ನೋಡಿದರು ಎಂದು ಕೇಳಲು ‘ಹೂ ಸಾ ದಿ ಎಲಿಫೆಂಟ್?’ ಸಾಕು.

‘ಇಲ್ಲ’ ಬಂದಾಗ ಕ್ರಿಯಾಪದ ಬರಿದಾಗುತ್ತದೆ

‘ಡಿಡ್ ನಾಟ್ ಕೇಮ್’, ‘ಡಸ್ ನಾಟ್ ಗೋಸ್’. ಮಕ್ಕಳ ಉತ್ತರಪತ್ರಿಕೆಯಲ್ಲಿ ಇವು ಸಾಮಾನ್ಯ. ‘ಡಿಡ್ ಆದಮೇಲೆ ಮೊದಲ ರೂಪ’ ಎಂದು ಬಾಯಿಪಾಠ ಮಾಡಿಸುವುದಕ್ಕಿಂತ ಕನ್ನಡದ್ದೇ ಮಾತು ತೋರಿಸುವುದು ಒಳ್ಳೆಯದು. ಬಂದನು, ಬಂದಳು, ಬಂದರು, ಬಂದವು ಎಂದು ನಾಲ್ಕು ರೂಪ ಆಡುವ ಮಗು ನಿಷೇಧಕ್ಕೆ ಬಂದಾಗ ನಾಲ್ಕಕ್ಕೂ ‘ಬರಲಿಲ್ಲ’ ಎಂದೇ ಹೇಳುತ್ತದೆ. ಈ ಸೀಮೆಯಲ್ಲಿ ‘ಬಂದನಿಲ್ಲ’ ಎಂದು ಯಾರೂ ಆಡುವುದಿಲ್ಲ. ‘ಇಲ್ಲ’ ಸೇರಿದೊಡನೆ ಗಂಡು, ಹೆಣ್ಣು, ಒಂದು, ಹಲವು ಎಂಬ ಗುರುತುಗಳು ಕ್ರಿಯಾಪದದಿಂದ ಕಳಚಿಬೀಳುತ್ತವೆ. ಇಂಗ್ಲಿಷಿನಲ್ಲೂ ಕಳಚುತ್ತವೆ, ಆದರೆ ಅಲ್ಲಿ ಕಳಚಿದ್ದು ಕಳೆದುಹೋಗದೆ ಡೂ ಮೈಗೆ ಅಂಟುತ್ತದೆ. ಕೇಮ್‌ನಲ್ಲಿದ್ದ ಭೂತಕಾಲ ‘ಡಿಡ್’ ಆಯಿತು, ಗೋಸ್‌ನಲ್ಲಿದ್ದ ‘ಸ್’ ಹೋಗಿ ‘ಡಸ್’ ಸೇರಿತು. ಉಳಿದದ್ದು ಬರೀ ಕಮ್, ಬರೀ ಗೋ.

ಎರಡು ಭಾಷೆಗಳೂ ಮೊದಲಿನಿಂದ ಹೀಗಿರಲಿಲ್ಲ. ಹಳೆಯ ಕನ್ನಡದಲ್ಲಿ ‘ಇಲ್ಲ’ದ ನೆರವಿಲ್ಲದೆಯೇ ಬಾರನು, ಅರಿಯೆನು ಎನ್ನುತ್ತಿದ್ದರು, ಅಲ್ಲಿ ಕಾಲದ ಗುರುತಿಲ್ಲ, ಆಳಿನ ಗುರುತು ಮಾತ್ರ ಇದೆ. ‘ಒಲ್ಲೆ’ ಎಂಬುದರಲ್ಲಿ ಆ ಬಗೆ ಇಂದಿಗೂ ಉಸಿರಾಡುತ್ತಿದೆ. ಇಂಗ್ಲಿಷರೂ ಹಿಂದೆ ‘ಐ ನೋ ನಾಟ್’ ಎನ್ನುತ್ತಿದ್ದವರೇ. ಶೇಕ್ಸ್‌ಪಿಯರನ ನಾಟಕಗಳಲ್ಲಿ ಹಳೆಯ ಬಗೆಯೂ ಉಂಟು, ಡೂ ಸೇರಿದ ಹೊಸ ಬಗೆಯೂ ಉಂಟು.

ಕೂಡದು, ಬೇಕಿಲ್ಲ

‘ಮಸ್ಟ್’ ಎಂದರೆ ‘ಬೇಕು’. ಹಾಗೆಂದು ‘ಮಸ್ಟ್ ನಾಟ್’ ಎಂದರೆ ‘ಬೇಕಿಲ್ಲ’ ಅಲ್ಲ, ‘ಕೂಡದು’. ‘ಬೇಕಿಲ್ಲ’ ಎನ್ನಲು ‘ನೀಡ್ ನಾಟ್’ ಅಥವಾ ‘ಡೋಂಟ್ ಹ್ಯಾವ್ ಟು’ ಬೇಕು. ‘ಯು ಮಸ್ಟ್ ನಾಟ್ ಎಂಟರ್ ದ ಫಾರೆಸ್ಟ್’ ಎಂಬುದನ್ನು ‘ಕಾಡಿಗೆ ಹೋಗಬೇಕಾಗಿಲ್ಲ’ ಎಂದು ಓದಿಕೊಂಡರೆ ಆನೆಯ ಎದುರಿಗೇ ಹೋಗಿ ನಿಂತಂತೆ.

ಹೌದು ಎನ್ನಬೇಕೋ, ಇಲ್ಲ ಎನ್ನಬೇಕೋ

‘ಆನೆ ಬರಲಿಲ್ವಾ?’ ಎಂದರೆ ನಾವು ‘ಹೌದು, ಬರಲಿಲ್ಲ’ ಎನ್ನಬಹುದು. ನಮ್ಮ ‘ಹೌದು’ ಕೇಳಿದವರ ಮಾತನ್ನು ಒಪ್ಪುತ್ತದೆ. ಇಂಗ್ಲಿಷಿನ ‘ಯೆಸ್’ ನಡೆದದ್ದನ್ನು ಮಾತ್ರ ನೋಡುತ್ತದೆ. ಬರಲಿಲ್ಲವಾದರೆ ‘ನೋ, ಇಟ್ ಡಿಡಂಟ್’. ಬಂದಿದ್ದರೆ ‘ಯೆಸ್, ಇಟ್ ಡಿಡ್’.

ನಮ್ಮ ‘ಅಲ್ವಾ’ ಎಲ್ಲ ವಾಕ್ಯಕ್ಕೂ ಹೊಂದುತ್ತದೆ. ಅದೇ ರೂಢಿಯಲ್ಲಿ ಎಲ್ಲೆಡೆ ‘ಇಸಂಟ್ ಇಟ್’ ಹಾಕುತ್ತೇವೆ. ಪರೀಕ್ಷೆಯಲ್ಲಿ ಅದು ನಡೆಯುವುದಿಲ್ಲ: ‘ದೇ ಕೇಮ್, ಡಿಡಂಟ್ ದೇ?’ ಎಂದೇ ಬರೆಯಬೇಕು.

ಪ್ರಶ್ನೆಯೊಂದು ಇನ್ನೊಂದು ವಾಕ್ಯದೊಳಗೆ ಹೋಗಿ ಕೂತಾಗ ಜಾಗ ಬದಲಿಸುವ ಆಟ ನಿಲ್ಲುತ್ತದೆ. ‘ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ’ ಎನ್ನಲು ‘ಐ ಡೋಂಟ್ ನೋ ವೇರ್ ಹಿ ಈಸ್’. ಕನ್ನಡದ ಮಗುವಿಗೆ ಈ ಸಾಲು ಮನೆಯದೇ. ಪ್ರಶ್ನೆಯ ಪಾಠವನ್ನು ಈಗಷ್ಟೇ ಕಷ್ಟಪಟ್ಟು ಕಲಿತಿರುವುದರಿಂದಲೇ ಅದು ಇಲ್ಲಿ ‘ವೇರ್ ಈಸ್ ಹಿ’ ಎಂದು ಬರೆದುಬಿಡುತ್ತದೆ.