ಉಪವಾಸ ಮಾಡಿದರೆ ಆಯುಸ್ಸು ಹೆಚ್ಚುತ್ತದೆಯೇ? ಜಪಾನಿನ ವಿಜ್ಞಾನಿಗೆ ನೊಬೆಲ್ ಬಂದದ್ದು ಯಾತಕ್ಕೆ?

ಏಕಾದಶಿ ಹತ್ತಿರ ಬಂತೆಂದರೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದು ಸಂದೇಶ ತಪ್ಪದೆ ಕಾಣಿಸಿಕೊಳ್ಳುತ್ತದೆ. ಜಪಾನಿನ ವಿಜ್ಞಾನಿಯೊಬ್ಬರು ಉಪವಾಸದ ಮೇಲೆ ಸಂಶೋಧನೆ ಮಾಡಿ ನೊಬೆಲ್ ಪಡೆದರಂತೆ. ಹೊಟ್ಟೆ ಖಾಲಿ ಇದ್ದರೆ ದೇಹ ತನ್ನ ಕ್ಯಾನ್ಸರ್ ಕೋಶಗಳನ್ನು ತಾನೇ ತಿಂದುಹಾಕುತ್ತದಂತೆ. ಮುಪ್ಪು ಹತ್ತಿರ ಸುಳಿಯುವುದಿಲ್ಲವಂತೆ, ಆಯುಸ್ಸು ಹೆಚ್ಚುತ್ತದಂತೆ. ರಂಜಾನ್ ತಿಂಗಳಲ್ಲಿ ಇದೇ ಸಂದೇಶ ರೋಜಾದ ಹೆಸರಿನಲ್ಲಿ ಓಡಾಡುತ್ತದೆ. ಇದನ್ನು ನಂಬಿ ಶುಗರ್ ಮಾತ್ರೆ ನುಂಗಿ ಊಟ ಬಿಡುವ ಹಿರಿಯರ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಇದರಲ್ಲಿ ನಿಜ ಎಷ್ಟು, ಸೇರಿಸಿದ್ದು ಎಷ್ಟು ಎಂದು ಬಿಡಿಸಿ ನೋಡೋಣ.

ಚಿಕ್ಕದಾಗಿ ಹೇಳುವುದಾದರೆ

• ನೊಬೆಲ್ ಬಂದದ್ದು ನಿಜ. ಆದರೆ ಅದು ಉಪವಾಸಕ್ಕಲ್ಲ, ಜೀವಕೋಶದೊಳಗಿನ ಒಂದು ಕೆಲಸದ ಗುಟ್ಟು ಬಿಡಿಸಿದ್ದಕ್ಕೆ.
• ಆಹಾರದ ಸುದ್ದಿ ಹೊತ್ತು ಸಾಗುವ ಜೀವಕೋಶದ ಸಂಕೇತಗಳಿಗೂ ಮುಪ್ಪಿಗೂ ನಂಟಿದೆ ಎಂಬುದು ನಿಜ. ಹುಳು, ನೊಣ, ಇಲಿಗಳಲ್ಲಿ ಇದು ಸಾಬೀತಾಗಿದೆ.
• ಉಪವಾಸದಿಂದ ಮನುಷ್ಯರ ಆಯುಸ್ಸು ಹೆಚ್ಚುತ್ತದೆ ಎಂಬುದು ಸಾಬೀತಾಗಿಲ್ಲ.
• ಉಪವಾಸ ಕ್ಯಾನ್ಸರ್ ವಾಸಿ ಮಾಡುತ್ತದೆ ಎಂಬುದು ಸುಳ್ಳು.

ನೊಬೆಲ್ ಬಂದದ್ದು ಯಾವುದಕ್ಕೆ?

ಆ ವಿಜ್ಞಾನಿಯ ಹೆಸರು ಯೋಶಿನೋರಿ ಓಸುಮಿ. ಅವರಿಗೆ 2016ರಲ್ಲಿ ವೈದ್ಯಕೀಯ ವಿಭಾಗದ ನೊಬೆಲ್ ಬಂತು. ಅವರು ಪ್ರಯೋಗ ಮಾಡಿದ್ದು ಉಪವಾಸ ಮಾಡುವ ಜನರ ಮೇಲಲ್ಲ, ಬ್ರೆಡ್ ಹಿಟ್ಟು ಹುದುಗಿಸಲು ಬಳಸುವ ಯೀಸ್ಟ್ ಮೇಲೆ.

ಪ್ರತಿ ಜೀವಕೋಶದಲ್ಲೂ ಕೆಲಸ ಮಾಡಿ ಸವೆದ ಪ್ರೊಟೀನ್‌ಗಳು, ಕೆಟ್ಟುಹೋದ ಭಾಗಗಳು ಸೇರುತ್ತಾ ಹೋಗುತ್ತವೆ. ಕೋಶ ಅವುಗಳನ್ನು ಒಂದು ಚೀಲದಲ್ಲಿ ಕಟ್ಟಿ, ಕರಗಿಸಿ, ಸಿಕ್ಕ ಸಾಮಗ್ರಿಯನ್ನು ಮತ್ತೆ ಬಳಸುತ್ತದೆ. ನಮ್ಮ ಹಳ್ಳಿಗಳಲ್ಲಿ ಹರಿದ ಸೀರೆ, ಹಳೆಯ ಪಂಚೆಗಳನ್ನು ಎಸೆಯದೆ ಕೌದಿ ಹೊಲಿಯುವ ಹಾಗೆ. ಈ ಕೆಲಸಕ್ಕೆ ಆಟೋಫೇಜಿ ಎಂಬ ಹೆಸರನ್ನು ಕ್ರಿಶ್ಚಿಯನ್ ಡಿ ಡುವ್ ಎಂಬ ವಿಜ್ಞಾನಿ 1963ರಲ್ಲೇ ಕೊಟ್ಟಿದ್ದರು. ಅದು ನಡೆಯುವುದು ಹೇಗೆ, ಯಾವ ಜೀನ್‌ಗಳು ಅದನ್ನು ನಡೆಸುತ್ತವೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಓಸುಮಿ 1990ರ ದಶಕದ ಆರಂಭದಲ್ಲಿ ಯೀಸ್ಟ್‌ಗೆ ಆಹಾರ ನಿಲ್ಲಿಸಿ ಈ ಚೀಲಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸಾವಿರಾರು ಬಗೆಯ ಯೀಸ್ಟ್‌ಗಳನ್ನು ಜಾಲಾಡಿ, ಈ ಕೆಲಸಕ್ಕೆ ಬೇಕೇಬೇಕಾದ 15 ಜೀನ್‌ಗಳನ್ನು ಗುರುತಿಸಿದರು. ಬಹುಮಾನ ಅದಕ್ಕೆ. ಎಷ್ಟು ಗಂಟೆ ಉಪವಾಸ ಇರಬೇಕು, ಎಷ್ಟು ವರ್ಷ ಹೆಚ್ಚು ಬದುಕಬಹುದು ಎಂಬ ಲೆಕ್ಕ ಆ ಸಂಶೋಧನೆಯಲ್ಲಿ ಇಲ್ಲ.

ಹೊಟ್ಟೆ ತುಂಬಿದ್ದು ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತದೆ?

ನಾವು ಊಟ ಮಾಡಿದ ಸುದ್ದಿ ಕಾಲ್ಬೆರಳಿನ ಕೋಶಕ್ಕೂ ತಲುಪಬೇಕು. ಅದನ್ನು ತಲುಪಿಸುವ ವ್ಯವಸ್ಥೆಗೆ ಸಂಕೇತ ಮಾರ್ಗ ಎನ್ನುತ್ತಾರೆ. ಒಂದು ಹಾರ್ಮೋನ್ ಬಂದು ಕೋಶದ ಹೊರಗೋಡೆಯಲ್ಲಿರುವ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಆ ಗ್ರಾಹಕ ಒಳಗಿನ ಒಂದು ಪ್ರೊಟೀನನ್ನು ಎಚ್ಚರಿಸುತ್ತದೆ, ಅದು ಇನ್ನೊಂದನ್ನು ಎಚ್ಚರಿಸುತ್ತದೆ. ಹೀಗೆ ಸುದ್ದಿ ಕೈಯಿಂದ ಕೈಗೆ ದಾಟಿ ಕೊನೆಗೆ ಜೀನ್‌ಗಳವರೆಗೆ ಹೋಗುತ್ತದೆ. ಮುಪ್ಪಿನ ಮಟ್ಟಿಗೆ ಮೂರು ಮಾರ್ಗಗಳು ಮುಖ್ಯ.

ಇನ್ಸುಲಿನ್ ಮತ್ತು ಐಜಿಎಫ್-1: ಇನ್ಸುಲಿನ್ ಊಟ ಬಂದ ಸುದ್ದಿಯನ್ನು ಕೋಶಕ್ಕೆ ತಲುಪಿಸುತ್ತದೆ. ಅದರ ನೆಂಟನಂತಿರುವ ಐಜಿಎಫ್-1 ಬೆಳೆಯಲು ಹೇಳುತ್ತದೆ.

ಎಂಟಾರ್: ಇದು ಕೋಶದೊಳಗಿನ ಮೇಸ್ತ್ರಿ. ಪ್ರೊಟೀನ್, ಸಕ್ಕರೆ ಸಾಕಷ್ಟಿದ್ದರೆ ಹೊಸದನ್ನು ಕಟ್ಟಲು ಹೇಳುತ್ತದೆ, ಆಟೋಫೇಜಿಯನ್ನು ತಗ್ಗಿಸುತ್ತದೆ.

ಎಎಂಪಿಕೆ: ಕೋಶದಲ್ಲಿ ಶಕ್ತಿ ಕಡಿಮೆಯಾದಾಗ ಇದು ಎಚ್ಚರಗೊಳ್ಳುತ್ತದೆ. ಕಟ್ಟುವ ಕೆಲಸ ನಿಲ್ಲಿಸಿ, ಇದ್ದದ್ದರಲ್ಲೇ ರಿಪೇರಿ ಮಾಡಿಸುತ್ತದೆ. ವ್ಯಾಯಾಮ ಮಾಡಿದಾಗಲೂ ಸ್ನಾಯುಗಳಲ್ಲಿ ಇದು ಕೆಲಸಕ್ಕಿಳಿಯುತ್ತದೆ.

ಒಳ್ಳೆಯ ಮಳೆ ಬೆಳೆ ಆದ ವರ್ಷ ರೈತ ಮನೆಗೆ ಹೊಸ ಕೋಣೆ ಕಟ್ಟಿಸುತ್ತಾನೆ. ಬರ ಬಂದ ವರ್ಷ ಹಳೆಯ ಹೆಂಚನ್ನೇ ಕೈಯಾಡಿಸಿ ಸೋರುವುದನ್ನು ನಿಲ್ಲಿಸುತ್ತಾನೆ. ಮನೆಗೆ ಎರಡೂ ಬೇಕು. ಬರೀ ಕಟ್ಟುತ್ತಾ ಹೋಗಿ ರಿಪೇರಿಯನ್ನೇ ಮರೆತರೆ ಮನೆ ಬೇಗ ಹಾಳಾಗುತ್ತದೆ. ಮುಪ್ಪಿನ ಒಂದು ಭಾಗ ಹೀಗೆಯೇ ಬರುತ್ತದೆ ಎಂಬುದು ವಿಜ್ಞಾನಿಗಳ ತಿಳಿವಳಿಕೆ.

ಎರಡು ಪಟ್ಟು ಬದುಕಿದ ಹುಳು

ಇದಕ್ಕೆ ಪುರಾವೆ ಸಿಕ್ಕಿದ್ದು ಒಂದು ಮಿಲಿಮೀಟರ್ ಉದ್ದದ, ಮಣ್ಣಿನಲ್ಲಿ ಬದುಕುವ ದುಂಡುಹುಳುವಿನಲ್ಲಿ. ಅದರ ಆಯುಸ್ಸು ಎರಡು-ಮೂರು ವಾರ. ಸಿಂಥಿಯಾ ಕೆನ್ಯನ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಅವರ ತಂಡ ಡಾಫ್-2 ಎಂಬ ಒಂದೇ ಒಂದು ಜೀನ್ ಬದಲಾದ ಹುಳುಗಳು ಎರಡು ಪಟ್ಟಿಗಿಂತ ಹೆಚ್ಚು ಕಾಲ ಬದುಕುವುದನ್ನು 1993ರಲ್ಲಿ ತೋರಿಸಿದರು. ಅವು ಹಾಸಿಗೆ ಹಿಡಿದ ಮುದುಕರಂತೆ ದಿನ ದೂಡಲಿಲ್ಲ, ಚುರುಕಾಗಿಯೇ ಓಡಾಡಿಕೊಂಡಿದ್ದವು. ಡಾಫ್-2 ಎಂದರೆ ನಮ್ಮ ಇನ್ಸುಲಿನ್ ಮತ್ತು ಐಜಿಎಫ್-1 ಗ್ರಾಹಕಗಳ ಹುಳು ರೂಪ ಎಂಬುದು 1997ರಲ್ಲಿ ಗೊತ್ತಾಯಿತು. ಅಂದರೆ ಬೆಳೆಯಲು ಹೇಳುವ ಸಂಕೇತ ದುರ್ಬಲವಾದರೆ ಹುಳುವಿಗೆ ಆಯುಸ್ಸು ಹೆಚ್ಚುತ್ತದೆ.

ಆದರೆ ಫಾರ್ವರ್ಡ್‌ಗಳಲ್ಲಿ ಬರದ ಇನ್ನೊಂದು ಮಾತಿದೆ. ಈ ದೀರ್ಘಾಯುಷಿ ಹುಳುಗಳನ್ನು ಸಾಮಾನ್ಯ ಹುಳುಗಳ ಜೊತೆ ಬಿಟ್ಟಾಗ ಕೆಲವೇ ತಲೆಮಾರುಗಳಲ್ಲಿ ಅವುಗಳ ವಂಶವೇ ಅಳಿದುಹೋಯಿತು. ಮರಿ ಮಾಡುವುದರಲ್ಲಿ ಅವು ಹಿಂದೆ ಬಿದ್ದಿದ್ದವು. ಹೆಚ್ಚಿದ ಆಯುಸ್ಸಿಗೆ ಅವು ತೆತ್ತ ಬೆಲೆ ಅದು.

ದ್ವೀಪದ ಮಣ್ಣಿನಲ್ಲಿ ಸಿಕ್ಕ ಔಷಧಿ

ಎಂಟಾರ್ ಕಥೆ ಶುರುವಾಗುವುದು ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪದಲ್ಲಿ. ಅಲ್ಲಿಯವರು ಅದನ್ನು ರಾಪಾ ನೂಯಿ ಎನ್ನುತ್ತಾರೆ. ಕೆನಡಾದಿಂದ 1964ರಲ್ಲಿ ಹೋದ ತಂಡವೊಂದು ಅಲ್ಲಿನ ಮಣ್ಣನ್ನು ತಂದಿತು. ಅದರಲ್ಲಿದ್ದ ಬ್ಯಾಕ್ಟೀರಿಯಾದಿಂದ ಒಂದು ವಸ್ತುವನ್ನು ಬೇರ್ಪಡಿಸಿದವರು ಭಾರತೀಯ ಮೂಲದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್ ಮತ್ತು ಅವರ ಸಂಗಡಿಗರು. ದ್ವೀಪದ ನೆನಪಿಗೆ ಅದಕ್ಕೆ ರಾಪಾಮೈಸಿನ್ ಎಂದು ಹೆಸರಾಯಿತು. ಅದು ಕೋಶದಲ್ಲಿ ಹಿಡಿದು ಕಟ್ಟಿಹಾಕುವ ಪ್ರೊಟೀನಿಗೆ ‘ರಾಪಾಮೈಸಿನ್‌ನ ಗುರಿ’ ಎಂಬ ಅರ್ಥದಲ್ಲಿ ಟಾರ್ ಎಂಬ ಹೆಸರು ಬಂತು. ಮನುಷ್ಯರೂ ಸೇರಿದಂತೆ ಸಸ್ತನಿಗಳಲ್ಲಿ ಅದೇ ಎಂಟಾರ್.

ಅಮೆರಿಕದಲ್ಲಿ ಮೂರು ಪ್ರಯೋಗಾಲಯಗಳು ಒಟ್ಟಿಗೆ ನಡೆಸಿದ ಪ್ರಯೋಗದ ಫಲಿತಾಂಶ 2009ರಲ್ಲಿ ಬಂತು. ಇಲಿಗಳಿಗೆ 600 ದಿನ ತುಂಬಿದ ಮೇಲೆ, ಅಂದರೆ ಹೆಚ್ಚುಕಡಿಮೆ ನಮ್ಮ ಅರವತ್ತರ ವಯಸ್ಸಿನಲ್ಲಿ, ರಾಪಾಮೈಸಿನ್ ಕೊಡಲು ಆರಂಭಿಸಿದ್ದರು. ಆದರೂ ಹೆಣ್ಣು ಇಲಿಗಳ ಆಯುಸ್ಸು ಶೇ 14ರಷ್ಟು, ಗಂಡು ಇಲಿಗಳದ್ದು ಶೇ 9ರಷ್ಟು ಹೆಚ್ಚಿತು.

ಹಾಗಾದರೆ ಮಾತ್ರೆ ನುಂಗಬಹುದಲ್ಲ ಎನ್ನಬೇಡಿ. ಇದು ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ವೈದ್ಯರು ಕೊಡುವ ಔಷಧಿ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತದೆ. ಸೋಂಕು, ಬಾಯಿಹುಣ್ಣು, ರಕ್ತದಲ್ಲಿ ಕೊಬ್ಬು ಏರುವುದು, ಗಾಯ ಬೇಗ ಮಾಯದಿರುವುದು ಇದರ ಅಡ್ಡಪರಿಣಾಮಗಳು. ಮನುಷ್ಯರ ಆಯುಸ್ಸು ಇದರಿಂದ ಹೆಚ್ಚಿದೆ ಎಂದು ಯಾವ ಪ್ರಯೋಗವೂ ತೋರಿಸಿಲ್ಲ.

ಮನುಷ್ಯರಲ್ಲಿ ಏನು ಕಂಡಿದೆ?

ಇಲಿಯಿಂದ ಮನುಷ್ಯನಿಗೆ ಬರುವ ದಾರಿಯಲ್ಲಿ ಮಂಗ ಸಿಗುತ್ತದೆ. ಅಮೆರಿಕದಲ್ಲಿ ಎರಡು ಕಡೆ ರೀಸಸ್ ಮಂಗಗಳಿಗೆ ಹಲವು ವರ್ಷ ಕಡಿಮೆ ಆಹಾರ ಕೊಟ್ಟು ನೋಡಿದರು. ವಿಸ್ಕಾನ್ಸಿನ್‌ನ ಪ್ರಯೋಗ ಲಾಭವಿದೆ ಎಂದು 2009ರಲ್ಲಿ ಹೇಳಿತು. ಅಲ್ಲಿನ ರಾಷ್ಟ್ರೀಯ ಮುಪ್ಪು ಸಂಸ್ಥೆಯ ಪ್ರಯೋಗ ಆಯುಸ್ಸು ಹೆಚ್ಚಲಿಲ್ಲ ಎಂದು 2012ರಲ್ಲಿ ಹೇಳಿತು. ಎರಡು ಕಡೆಯ ಮಂಗಗಳ ಆಹಾರವೇ ಬೇರೆ ಬೇರೆ ಇತ್ತು.

ಇನ್ನು ಮನುಷ್ಯರು. ಕ್ಯಾಲರಿ ಎಂಬ ಹೆಸರಿನ ಪ್ರಯೋಗದಲ್ಲಿ ಬೊಜ್ಜು ಇಲ್ಲದ 218 ಜನರಿದ್ದರು. ಒಂದು ಗುಂಪಿನವರು ಎರಡು ವರ್ಷ ತಮ್ಮ ಆಹಾರವನ್ನು ಕಾಲು ಭಾಗ ಕಡಿಮೆ ಮಾಡಬೇಕಿತ್ತು. ಸರಾಸರಿ ಶೇ 12ರಷ್ಟು ಮಾತ್ರ ಕಡಿಮೆ ಮಾಡಲು ಅವರಿಂದ ಸಾಧ್ಯವಾಯಿತು. ಅಷ್ಟಕ್ಕೇ ಬಿಪಿ, ಕೊಲೆಸ್ಟ್ರಾಲ್ ಸುಧಾರಿಸಿದವು. ರಕ್ತದ ಒಂದು ಪರೀಕ್ಷೆಯ ಪ್ರಕಾರ ಮುಪ್ಪಿನ ವೇಗ ಶೇ 2ರಿಂದ 3ರಷ್ಟು ತಗ್ಗಿತು. ಜೊತೆಗೆ ಸ್ನಾಯು ಮತ್ತು ಮೂಳೆಯ ಸಾಂದ್ರತೆಯೂ ಸ್ವಲ್ಪ ಕಡಿಮೆಯಾಯಿತು.

ಊಟದ ಹೊತ್ತನ್ನು ಮಾತ್ರ ಬಿಗಿ ಮಾಡಿದರೆ? ಚೀನಾದಲ್ಲಿ ಬೊಜ್ಜು ಇದ್ದ 139 ಜನರ ಮೇಲೆ ಒಂದು ವರ್ಷ ಪ್ರಯೋಗ ಮಾಡಿದರು. ಎರಡೂ ಗುಂಪಿಗೆ ಒಂದೇ ಅಳತೆಯ ಊಟ, ಒಂದು ಗುಂಪಿಗೆ ಎಂಟು ಗಂಟೆಯೊಳಗೇ ಊಟ ಮುಗಿಸುವ ನಿಯಮ. ತೂಕ ಇಳಿದದ್ದರಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಫಲಿತಾಂಶ 2022ರಲ್ಲಿ ಪ್ರಕಟವಾಯಿತು.

ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ ಹುಟ್ಟಿನಿಂದಲೇ ಐಜಿಎಫ್-1 ತೀರಾ ಕಡಿಮೆ ಇರುವ ಕುಳ್ಳಗಿನ ಜನರ ಒಂದು ಸಮುದಾಯವಿದೆ. ಅವರಲ್ಲಿ ಕ್ಯಾನ್ಸರ್ ಮತ್ತು ಶುಗರ್ ಕಾಯಿಲೆ ಬಲು ಅಪರೂಪ. ಆದರೂ ಅವರು ತಮ್ಮ ನೆಂಟರಿಷ್ಟರಿಗಿಂತ ಹೆಚ್ಚು ವರ್ಷ ಬದುಕಿದ್ದು ಕಂಡುಬಂದಿಲ್ಲ. ಅಪಘಾತದಂಥ ಬೇರೆ ಕಾರಣಗಳಿಂದ ಸತ್ತವರು ಅವರಲ್ಲಿ ಹೆಚ್ಚು.

‘16 ಗಂಟೆ ಆದರೆ ಆಟೋಫೇಜಿ ಶುರು’ ನಿಜವೇ?

ಆಟೋಫೇಜಿ ಸ್ವಿಚ್ ಹಾಕಿದಾಗ ಮಾತ್ರ ಹತ್ತುವ ದೀಪವಲ್ಲ. ಈಗ ನೀವು ಇದನ್ನು ಓದುತ್ತಿರುವಾಗಲೂ ನಿಮ್ಮ ದೇಹದಲ್ಲಿ ನಡೆಯುತ್ತಲೇ ಇದೆ. ಆಹಾರ ಸಿಗದಿದ್ದಾಗ ಹೆಚ್ಚುತ್ತದೆ ಅಷ್ಟೆ. ಮನುಷ್ಯರಲ್ಲಿ ಯಾವ ಅಂಗದಲ್ಲಿ ಎಷ್ಟು ಗಂಟೆಗೆ ಎಷ್ಟು ಹೆಚ್ಚುತ್ತದೆ ಎಂದು ಹೇಳುವ ಸಾಮಾನ್ಯ ರಕ್ತಪರೀಕ್ಷೆ ಲ್ಯಾಬ್‌ಗಳಲ್ಲಿ ಇಲ್ಲ. ಆದ್ದರಿಂದ 16 ಗಂಟೆ, 24 ಗಂಟೆ ಎಂಬ ಲೆಕ್ಕಗಳಿಗೆ ಗಟ್ಟಿ ಆಧಾರವಿಲ್ಲ.

ಕ್ಯಾನ್ಸರ್ ವಿಷಯದಲ್ಲಂತೂ ಸಂದೇಶ ಪೂರ್ತಿ ದಾರಿ ತಪ್ಪಿಸುತ್ತದೆ. ಆಟೋಫೇಜಿ ನಡೆಯುವುದು ಕೋಶದ ಒಳಗೆ. ಅದು ಹುಡುಕಿಕೊಂಡು ಹೋಗಿ ಗೆಡ್ಡೆಯನ್ನು ತಿನ್ನುವುದಿಲ್ಲ. ಕೋಶ ಕೆಡದಂತೆ ಅದು ಕಾಪಾಡುತ್ತದೆ ನಿಜ. ಆದರೆ ಗೆಡ್ಡೆ ಬೆಳೆದ ಮೇಲೆ ಆಹಾರ ಸಾಲದ ಕ್ಯಾನ್ಸರ್ ಕೋಶಗಳೂ ಇದೇ ಉಪಾಯದಿಂದ ಜೀವ ಉಳಿಸಿಕೊಳ್ಳುತ್ತವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಸ್ವಂತ ನಿರ್ಧಾರದಿಂದ ಊಟ ಬಿಟ್ಟರೆ ತೂಕ ಇಳಿದು, ಚಿಕಿತ್ಸೆಯನ್ನು ತಡೆದುಕೊಳ್ಳುವ ಶಕ್ತಿಯೇ ಕುಗ್ಗಬಹುದು.

ಯಾರು ಎಚ್ಚರಿಕೆಯಿಂದ ಇರಬೇಕು?

• ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು. ಔಷಧಿ ತೆಗೆದುಕೊಂಡು ಊಟ ಬಿಟ್ಟರೆ ಶುಗರ್ ದಿಢೀರನೆ ಇಳಿಯಬಹುದು. ವ್ರತವೋ ರೋಜಾವೋ ಇದ್ದರೆ ಮೊದಲೇ ವೈದ್ಯರ ಬಳಿ ಹೋಗಿ ಔಷಧಿಯ ಅಳತೆ, ಹೊತ್ತು ಬದಲಿಸಿಕೊಳ್ಳಿ.
• ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರು. ದೀರ್ಘ ಉಪವಾಸದಲ್ಲಿ ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯವಿದೆ.
• ಗರ್ಭಿಣಿಯರು, ಬಾಣಂತಿಯರು, ಮಕ್ಕಳು, ತೂಕ ಕಡಿಮೆ ಇರುವವರು.
• ಕಿಡ್ನಿ ತೊಂದರೆ ಇರುವವರು, ಮುಖ್ಯವಾಗಿ ನೀರನ್ನೂ ಕುಡಿಯದ ಉಪವಾಸದಲ್ಲಿ.
• ವಯಸ್ಸಾದವರು. ಸ್ನಾಯು ಕಟ್ಟಲು ಎಂಟಾರ್ ಬೇಕು, ಅದಕ್ಕೆ ಪ್ರೊಟೀನ್ ಬೇಕು. ಮೊದಲೇ ಸೊರಗಿದವರು ಊಟ ಬಿಟ್ಟರೆ ಸ್ನಾಯು ಇನ್ನೂ ಕರಗುತ್ತದೆ, ಬಿದ್ದು ಮೂಳೆ ಮುರಿಯುವ ಭಯ ಹೆಚ್ಚುತ್ತದೆ.

ಉಪವಾಸದಲ್ಲಿ ಕೈ ನಡುಕ, ತಣ್ಣನೆ ಬೆವರು, ಎದೆಬಡಿತ, ತಬ್ಬಿಬ್ಬು ಕಂಡರೆ ಶುಗರ್ ಇಳಿದಿರಬಹುದು. ಶುಗರ್ 70ಕ್ಕಿಂತ ಕೆಳಗಿದ್ದರೆ, ಅಥವಾ ಅಳೆಯುವ ಯಂತ್ರ ಇಲ್ಲದಿದ್ದರೆ, ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಹಾಗಾದರೆ ನಾವು ಮಾಡಬಹುದಾದದ್ದು ಏನು?

ಈ ಸಂಕೇತಗಳನ್ನು ಹದದಲ್ಲಿಡುವ ದಾರಿಗಳಿಗೆ ದುಡ್ಡು ಹೆಚ್ಚು ಬೇಡ. ದಿನವೂ ಬಿರುಸಾಗಿ ನಡೆಯುವುದು, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ಕೆಲಸ ಕೊಡುವುದು, ಹೊಟ್ಟೆ ಬಿರಿಯುವಷ್ಟು ತಿನ್ನದಿರುವುದು, ಅನ್ನ ಸ್ವಲ್ಪ ಕಡಿಮೆ ಮಾಡಿ ಬೇಳೆ, ಕಾಳು, ಸೊಪ್ಪು ಹೆಚ್ಚಿಸುವುದು, ರಾತ್ರಿ ನಿದ್ದೆಗೆಡದಿರುವುದು, ತಂಬಾಕು ಬಿಡುವುದು. ಆಯುಸ್ಸು ಹೆಚ್ಚಿಸುತ್ತೇವೆಂದು ಮಾರುವ ಪುಡಿ, ಕ್ಯಾಪ್ಸೂಲ್‌ಗಳಲ್ಲಿ ಯಾವುದೂ ಮನುಷ್ಯರಲ್ಲಿ ಹಾಗೆ ಮಾಡಿ ತೋರಿಸಿಲ್ಲ.

ಏಕಾದಶಿಯಾಗಲಿ ರೋಜಾ ಆಗಲಿ, ಭಕ್ತಿಯಿಂದ ಮಾಡುವವರು ಆರೋಗ್ಯ ಒಪ್ಪಿದರೆ ಮಾಡಲಿ. ಅದಕ್ಕೆ ನೊಬೆಲ್ ಬಹುಮಾನದ ಸಾಕ್ಷಿ ಬೇಕಾಗಿಲ್ಲ. ಆ ಸಂದೇಶ ಮತ್ತೆ ನಿಮ್ಮ ಗ್ರೂಪಿಗೆ ಬಂದಾಗ ಮುಂದಕ್ಕೆ ಕಳಿಸುವ ಮೊದಲು ಒಮ್ಮೆ ಯೋಚಿಸಿ: ಈ ಗ್ರೂಪಿನಲ್ಲಿ ಶುಗರ್ ಮಾತ್ರೆ ತೆಗೆದುಕೊಳ್ಳುವ ಅಜ್ಜಿಯೋ ದೊಡ್ಡಪ್ಪನೋ ಇದ್ದಾರೆಯೇ? ಇದ್ದರೆ ಅವರಿಗೆ ಆ ಸಂದೇಶದ ಬದಲು ಒಂದು ಫೋನ್ ಮಾಡಿ, ಊಟ ಆಯಿತಾ ಎಂದು ಕೇಳಿ.